ಆಕಾಶವಾಣಿಯ ಬಿಟ್ಟಿ ಸಲಹೆಗಾರ

ಆಕಾಶವಾಣಿಯವರು ಬಹಳ ಅಚ್ಚುಕಟ್ಟಿನ ಮಂದಿ. ರೈತರಿಗೆ ಒಂದು ಕಾರ್ಯಕ್ರಮ, ಮಹಿಳೆಯರಿಗೆ ಒಂದು, ಮಕ್ಕಳಿಗೆ ಒಂದು, ಹರೆಯದವರಿಗೆ ಯುವವಾಣಿ, ಗಡಿ ಕಾಯುವ ಸೈನಿಕರಿಗೆ ವಿವಿಧ ಭಾರತಿಯಲ್ಲಿ ಜಯಮಾಲಾ. ‘ಬಹುಜನ ಹಿತಾಯ, ಬಹುಜನ ಸುಖಾಯ’ ಎಂದು ಲಾಂಛನದಲ್ಲೇ ಬರೆದುಕೊಂಡ ಸಂಸ್ಥೆ ಅದು. ಆದರೆ ಗುಮಾಸ್ತಿಕೆ ಮುಗಿಸಿ, ಸಿಂದಗಿಯ ಮನೆಯ ಪಡಸಾಲೆಯಲ್ಲಿ ಆರಾಮ ಕುರ್ಚಿ ಹಾಕಿಕೊಂಡು ಕೂತ, ಹೊಲವಿಲ್ಲದ, ಹರೆಯವಿಲ್ಲದ, ಒಲೆ ಹಚ್ಚಲು ಬಾರದ ಗಂಡಸಿಗೆಂದು ಅದರಲ್ಲಿ ಐದು ನಿಮಿಷವೂ ಇಲ್ಲ. ಹಾಗೆಂದು ನಾನೇನೂ ಮುನಿಸಿಕೊಂಡಿಲ್ಲ. ಯಾರಿಗೆಂದು ಕಾರ್ಯಕ್ರಮ ಮಾಡುತ್ತಾರೋ ಅವರು ಆ ಹೊತ್ತಿಗೆ ಕೆಲಸದಲ್ಲಿರುತ್ತಾರೆ. ಅವರ ಪರವಾಗಿ ನಾನೇ ಕೇಳಿಸಿಕೊಂಡು, ಆಮೇಲೆ ಅವರವರಿಗೆ ತಲುಪಿಸುತ್ತೇನೆ. ಕಚೇರಿಯಲ್ಲೂ ನನ್ನ ಕೆಲಸ ಇದೇ ಆಗಿತ್ತು. ಮೇಲಿನಿಂದ ಬಂದ ಸುತ್ತೋಲೆಯನ್ನು ಕೆಳಗೆ ಕಳಿಸುವುದು. ಓದಲೇಬೇಕೆಂಬ ನಿಯಮವಿರಲಿಲ್ಲ.

ನೌಕರಿಯ ಕಾಲದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕರೊಳಗೇ ವರ್ಗವಾಗುತ್ತ ಗಾಣ ಸುತ್ತಿದವನು ನಾನು. ಹೊಸ ಊರಿಗೆ ಹೋದಾಗೆಲ್ಲ ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಹೆಂಡತಿ ವಿಚಾರಿಸುತ್ತಿದ್ದಳು, ರೇಡಿಯೋ ಯಾವ ಮೂಲೆಯಲ್ಲಿ ಬರುತ್ತದೆ ಎಂದು ನಾನು ಹುಡುಕುತ್ತಿದ್ದೆ. ಆಗ ಮಧ್ಯಮ ತರಂಗದ ಕಾಲ. ಸೆಟ್ಟಿನ ಒಳಗೆ ಒಂದು ಕರಿ ಕಡ್ಡಿಗೆ ತೆಳು ತಂತಿ ಸುತ್ತಿರುತ್ತಾರಲ್ಲ, ಆಂಟೆನಾ ಅದೇ. ಆ ಕಡ್ಡಿಯ ಮಗ್ಗುಲು ಕೇಂದ್ರದ ದಿಕ್ಕಿಗಿದ್ದರೆ ದನಿ ತುಂಬಿ ಬರುತ್ತದೆ, ತುದಿ ಆ ಕಡೆಗಾದರೆ ಉಸಿರು ಕಟ್ಟುತ್ತದೆ. ಧಾರವಾಡ 765ರಲ್ಲಿ, ಕಲಬುರಗಿ 1107ರಲ್ಲಿ. ಇಂಡಿಯಲ್ಲಿ ಮುಳ್ಳು ಅಷ್ಟಿಷ್ಟು ಸರಿದರೆ ಭೀಮೆಯಾಚೆಯ ಸೊಲ್ಲಾಪುರ ಮರಾಠಿಯಲ್ಲಿ ಮಾತಾಡಿಸುತ್ತಿತ್ತು. ಮುದ್ದೇಬಿಹಾಳದ ಬಾಡಿಗೆ ಮನೆಯಲ್ಲಂತೂ ಧಾರವಾಡ ಸ್ವಚ್ಛವಾಗಿ ಸಿಗುವ ಜಾಗ ದೇವರ ಜಗಲಿ ಒಂದೇ. ಅಲ್ಲಿ ಬಸವಣ್ಣನ ಫೋಟೋದ ಪಕ್ಕದಲ್ಲೇ ರೇಡಿಯೋ ಸ್ಥಾಪನೆಯಾಯಿತು. ಹೆಂಡತಿ ದಿನಾ ಅದಕ್ಕೂ ವಿಭೂತಿ ಹಚ್ಚುತ್ತಿದ್ದಳು. ಭಕ್ತಿ ಎಂದುಕೊಂಡು ಹಿಗ್ಗಿ ಕೇಳಿದರೆ, “ಉಳದ ದೇವ್ರೆಲ್ಲಾ ಸುಮ್ನ ಕುಂಡ್ರತಾವ. ಇದಕ್ಕೂ ಆ ಬುದ್ಧಿ ಬರಲಿ ಅಂತ” ಅಂದಳು.

ಈಗ ವಿಜಯಪುರದ್ದೇ ಎಫ್‌ಎಂ ಇದೆ, 101.8. ಕೋಲು ಮೇಲಕ್ಕೆಳೆದರೆ ಸಾಕು. ದೇವರುಗಳಿಗೆ ತಮ್ಮ ಜಗಲಿ ವಾಪಸು ಸಿಕ್ಕಿದೆ.

ಬೆಳಗಿನ ಜಾವ ನಿಲಯ ತೆರೆಯುವ ಮೊದಲು ಬರುತ್ತದಲ್ಲ ಆ ಪಿಟೀಲಿನ ಸಂಕೇತ ಧುನ್, ಅದು ನಮ್ಮ ಮನೆಯ ಅಲಾರಾಂ. ಅದನ್ನು ಸಂಯೋಜಿಸಿದವರು ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರ. ಬೊಹೀಮಿಯಾದಲ್ಲಿ ಹುಟ್ಟಿ, ನಾಜಿಗಳ ಹಾವಳಿಗೆ ಯುರೋಪು ಬಿಟ್ಟು 1934ರಲ್ಲಿ ಮುಂಬಯಿಗೆ ಬಂದವರು, ಮುಂದೆ ಅಲ್ಲಿನ ನಿಲಯದಲ್ಲಿ ಪಾಶ್ಚಾತ್ಯ ಸಂಗೀತದ ಮುಖ್ಯಸ್ಥರಾದವರು. ಶಿವರಂಜಿನಿಯ ನೆರಳಿರುವ ಆ ಧುನ್ ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ. ಈ ಸಂಗತಿಯನ್ನು ನಾನು ಹೆಂಡತಿಗೆ ಬೆಳಗಿನ ಆ ಹೊತ್ತಿನಲ್ಲಿ, ಅದೂ ಧುನ್‌ಗಿಂತ ದೊಡ್ಡ ದನಿಯಲ್ಲಿ, ಮತ್ತೆ ಮತ್ತೆ ಹೇಳಿದ್ದೇನೆ. ಕೊನೆಗೊಂದು ದಿನ ಅವಳು ಚಾದರದ ಒಳಗಿಂದಲೇ ಕೇಳಿದಳು: “ಅಲ್ರೀ, ಅಂವಾ ಹಿಟ್ಲರನ ಕಾಟಕ್ಕ ಊರ ಬಿಟ್ಟ ಇಲ್ಲಿಗೆ ಬಂದ. ನಾ ನಿಮ್ಮ ಕಾಟಕ್ಕ ಎಲ್ಲಿಗೆ ಹೋಗ್ಲಿ?”

ಮಂಗಳಧ್ವನಿ, ವಚನ, ಚಿಂತನ ಮುಗಿದು ಏಳಕ್ಕೆ ಐದು ನಿಮಿಷವಿರುವಾಗ ದಿಲ್ಲಿಯಿಂದ ಸಂಸ್ಕೃತ ವಾರ್ತೆ. 1974ರಲ್ಲಿ ಶುರುವಾದ ಈ ಐದು ನಿಮಿಷಕ್ಕೆ ನಮ್ಮ ಜಿಲ್ಲೆಯಲ್ಲಿ ನನ್ನ ಅವ್ವನಷ್ಟು ನಿಷ್ಠೆಯ ಕೇಳುಗರು ಇರಲಾರರು. ಹೊರಸಿನ ಮೇಲೆ ಎದ್ದು ಕೂತು, ಸೆರಗು ಸರಿ ಮಾಡಿಕೊಂಡು, ಕೈ ಮುಗಿದು ಕೇಳುತ್ತಾಳೆ. ಅದರಲ್ಲಿ ಬೆಂಕಿ ಅನಾಹುತ ಬರಲಿ, ಸಂಸತ್ತಿನ ಗದ್ದಲ ಬರಲಿ, “ಶಿವಾ, ಎಲ್ಲಾರ್ನೂ ಚಂದ ಇಡಪಾ” ಎನ್ನುತ್ತಾಳೆ. ಅರ್ಥ ಹೇಳಲು ಹೋದ ನನ್ನನ್ನು ಗದರಿಸಿದಳು: “ನೀ ಸುಮ್ಕಿರೋ. ಈ ಭಾಷಾದಾಗ ಕೆಟ್ಟ ಸುದ್ದಿನ ಇರಂಗಿಲ್ಲ.” ಕನ್ನಡ ವಾರ್ತೆ ಬಂದ ಕೂಡಲೇ ಮಗ್ಗಲಾಗಿ ಮಲಗಿಬಿಡುತ್ತಾಳೆ. ಸುದ್ದಿ ಕೇಳುವವರಲ್ಲಿ ಇಷ್ಟು ನೆಮ್ಮದಿಯ ಜೀವ ಇನ್ನೊಂದನ್ನು ನಾನು ನೋಡಿಲ್ಲ.

ಏಳೂ ಐದಕ್ಕೆ ಪ್ರದೇಶ ಸಮಾಚಾರ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ರೊಟ್ಟಿ. ಹಂಚಿನ ಮೇಲೆ ಬಿಳಿಜೋಳದ ರೊಟ್ಟಿ ಸುಮ್ಮನೆ ಹುಟ್ಟುವುದಿಲ್ಲ. ಎಸರು ಹಾಕಿ ನಾದಿದ ಹಿಟ್ಟಿನ ಉಂಡೆಯನ್ನು ಬಡಿಯುತ್ತ, ಬಡಿತಕ್ಕೊಮ್ಮೆ ಅಂಗೈಯಲ್ಲೇ ತಿರುಗಿಸುತ್ತ, ಕಾಗದದಷ್ಟು ತೆಳ್ಳಗೆ ಮಾಡುವ ಆ ಟಪಟಪ ನಮ್ಮ ಓಣಿಯ ಎಲ್ಲ ಮನೆಗಳಿಂದಲೂ ಏಕಕಾಲಕ್ಕೆ ಏಳುತ್ತದೆ. ಮುಖ್ಯಮಂತ್ರಿಗಳು ಏನೋ ಘೋಷಿಸುತ್ತಾರೆ, ಟಪಟಪ. ಮಳೆ ಎಲ್ಲೆಲ್ಲೋ ಬರುತ್ತದೆ, ಟಪಟಪ. ಮೇಲೆ ಸೊಸೆ ಮಿಕ್ಸಿ ತಿರುಗಿಸಿದರೆ ಮುಗಿದೇ ಹೋಯಿತು. “ಹತ್ತ ನಿಮಿಷ ರೊಟ್ಟಿ ನಿಲ್ಲಿಸಾಕ ಆಗೂದಿಲ್ಲೇನು?” ಎಂದು ಒಮ್ಮೆ ಕೂಗಿದೆ. ನಿಂತಿತು. ಸುದ್ದಿ ಸ್ಪಷ್ಟವಾಗಿ ಕೇಳಿತು. ಎಂಟೂವರೆಗೆ ತಾಟಿನ ಮುಂದೆ ಕೂತರೆ ತಾಟು ಖಾಲಿ. “ಸುದ್ದಿ ತಿಂದೀರಲ್ಲ, ಹೊಟ್ಟಿ ತುಂಬಿರಬೇಕು” ಎಂದಳು ಹೆಂಡತಿ. ಅಂದಿನಿಂದ ಪ್ರದೇಶ ಸಮಾಚಾರವನ್ನು ರೊಟ್ಟಿಯ ತಾಳದ ಸಮೇತ ಕೇಳುತ್ತೇನೆ.

ಇದೆಲ್ಲ ನನಗೆ ಅಪ್ಪನಿಂದ ಬಂದ ರೋಗ. ಅವನ ಕಾಲದಲ್ಲಿ ರೇಡಿಯೋಕ್ಕೆ ಲೈಸೆನ್ಸ್ ಬೇಕಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ತುಂಬಿ, ಪುಸ್ತಕದಲ್ಲಿ ಮುದ್ರೆ ಒತ್ತಿಸಿಕೊಂಡು ಬರಬೇಕು. 1980ರ ದಶಕದಲ್ಲಿ ಆ ಪದ್ಧತಿ ಹೋಯಿತು. ಅಪ್ಪನ ಲೈಸೆನ್ಸ್ ಪುಸ್ತಕ ಈಗಲೂ ಟ್ರಂಕಿನಲ್ಲಿ ಹೊಲದ ಉತಾರಿಯ ಜೊತೆಗಿದೆ. ಹೊಲ ಮಾರಿದೆವು, ಉತಾರಿ ಮತ್ತು ಲೈಸೆನ್ಸ್ ಉಳಿದವು. ಸರಕಾರಕ್ಕೆ ದುಡ್ಡು ಕಟ್ಟಿ ಕೇಳುವ ಮಾತು ಸರಕಾರಿ ಹುಕುಮೇ ಎಂದು ಅಪ್ಪ ನಂಬಿದ್ದ. ‘ಸೊಳ್ಳೆ ಪರದೆ ಬಳಸಿ’ ಎಂದು ರೇಡಿಯೋ ಹೇಳಿದ ದಿನವೇ ಪೇಟೆಗೆ ಹೋದವನು.

ನನ್ನ ವಕಾಲತ್ತಿಗೆ ದೊಡ್ಡವರ ಬೆಂಬಲವೂ ಇದೆ ಎಂದು ಹೆಂಡತಿಗೆ ತಿಳಿಸಿ ಹೇಳಲು ನೋಡಿದ್ದೇನೆ. ಆಕಾಶವಾಣಿ ಎಂಬ ಹೆಸರೇ ಮೊದಲು ಕೇಳಿದ್ದು ಒಂದು ಮನೆಯಿಂದ. ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಸ್ವಂತ ಖರ್ಚಿನಲ್ಲಿ ಪ್ರಸಾರ ಶುರು ಮಾಡಿದ್ದರು. “ನೋಡು, ಅವರು ಮನಿಯಾಗ ಇಡೀ ಕೇಂದ್ರಾನ ಇಟ್ಟಿದ್ರು. ನಾ ಬರೇ ಒಂದ ಸೆಟ್ ಇಟ್ಟೀನಿ” ಅಂದೆ. “ಅವರು ಮನಃಶಾಸ್ತ್ರ ಕಲ್ತವ್ರು. ಮನ್ಯಾಗಿನವ್ರ ಮನಸ ಹೆಂಗೈತಿ ಅಂತ ತಿಳದಿರತಿತ್ತು” ಎಂದು ಉತ್ತರ ಬಂತು. 1950ರ ಜನವರಿ 8ರಂದು ಆರಂಭವಾದ ಧಾರವಾಡ ನಿಲಯಕ್ಕೆ ಬೇಂದ್ರೆ ಸಾಹಿತ್ಯ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು. ನಮ್ಮ ಮನೆಗೆ ಎರಡಕ್ಕೂ, ಉಳಿದದ್ದಕ್ಕೂ, ನಾನೇ. ಅವರಿಗೆ ಸಂಬಳವಿತ್ತು, ಇಷ್ಟೇ ವ್ಯತ್ಯಾಸ ಎಂದು ನನ್ನ ಅಂದಾಜು. ಹೆಂಡತಿ ಬೇರೆ ವ್ಯತ್ಯಾಸಗಳನ್ನೂ ಕಾಣುತ್ತಾಳೆ.

ಮಳೆಗಾಲದಲ್ಲಿ ನನ್ನ ಹೊಣೆ ಹೆಚ್ಚುತ್ತದೆ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಹಿಡಿಯಿತೆಂದರೆ ರೇಡಿಯೋದಲ್ಲಿ ಆಲಮಟ್ಟಿಯ ಲೆಕ್ಕ ಶುರು: ಇಂದಿನ ಮಟ್ಟ ಇಷ್ಟು, ಗರಿಷ್ಠ 519.60 ಮೀಟರ್, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಹೆಂಡತಿಯ ತವರು ಮುದ್ದೇಬಿಹಾಳ ತಾಲೂಕಿನ ಕೃಷ್ಣೆಯ ದಂಡೆ, ಆಣೆಕಟ್ಟಿನ ಕೆಳಗೆ. ಹೊರಹರಿವಿನ ಅಂಕಿ ಕಿವಿಗೆ ಬಿದ್ದ ಕೂಡಲೇ ಮಾವನವರಿಗೆ ಫೋನ್ ಮಾಡಿ ಎಚ್ಚರಿಸುತ್ತೇನೆ. ಅವರೋ ಹೊಳೆಯ ಸಪ್ಪಳದ ಮೇಲೆ ನೀರು ಎಷ್ಟಿದೆ ಎಂದು ಹೇಳಬಲ್ಲವರು. “ಹೌದ್ರಿ ಅಳಿಯಂದಿರ, ಪಂಪ್‌ಸೆಟ್ ನಿನ್ನೆನ ಎತ್ತಿ ತಂದೀವಿ” ಎಂದು ಮರ್ಯಾದೆಯಿಂದ ಹೇಳಿ ಫೋನ್ ಇಡುತ್ತಾರೆ. ಮರ್ಯಾದೆ ಇರುವುದು ಮಾವನವರಲ್ಲಿ ಮಾತ್ರ. ಅವರ ಮಗ ಒಮ್ಮೆ ಫೋನ್ ಎತ್ತಿ, “ಮಾಮಾ, ಸಿಂದಗ್ಯಾಗ ನೀರ ಎಲ್ಲೀಮಟಾ ಬಂದೈತಿ?” ಎಂದು ಕೇಳಿದ.

ಮಧ್ಯಾಹ್ನ ಊಟವಾದ ಮೇಲೆ ಶಾಸ್ತ್ರೀಯ ಸಂಗೀತ ಬಂದರೆ ಕಣ್ಣು ಮುಚ್ಚಿ ಕೇಳುವುದು ನನ್ನ ಪದ್ಧತಿ. “ನಿದ್ದಿ ಹತ್ತೇತಿ, ಬಂದ್ ಮಾಡ್ಲ್ಯಾ?” ಎಂದು ಯಾರಾದರೂ ಕೇಳಿದರೆ, “ವಿಲಂಬಿತ್ ನಡದೈತಿ” ಎನ್ನುತ್ತೇನೆ. ಅಷ್ಟೊತ್ತಿಗೆ ಅದು ದ್ರುತ್ ಮುಗಿಸಿ, ಸಿನಿಮಾ ಹಾಡೂ ಮುಗಿಸಿ, ಇಂಗ್ಲಿಷ್ ವಾರ್ತೆಗೆ ಬಂದಿರುತ್ತದೆ. ಇಲ್ಲೊಂದು ಹಳೆಯ ಕತೆ ಹೇಳಲೇಬೇಕು. ಇದೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಬಾಗಿಲ ಹೊರಗಿಟ್ಟಿತ್ತು. ಅದರ ಸ್ವರಗಳು ಒಂದೊಂದು ಕಡೆ ಗೂಟ ಹೊಡೆದು ನಿಂತಿರುತ್ತವೆ, ಒಂದರಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಶ್ರುತಿ ಸೂಕ್ಷ್ಮ ಇಲ್ಲ ಎಂಬುದು ತಕರಾರು. ನಾಟಕ ಕಂಪನಿಗಳು ಕಾಲಪೆಟ್ಟಿಗೆ ಇಲ್ಲದೆ ಪರದೆಯನ್ನೇ ಏಳಿಸದ ನಮ್ಮ ಸೀಮೆಯಲ್ಲಿ ಇದು ಯಾರಿಗೂ ಅರ್ಥವಾಗುವ ಮಾತಾಗಿರಲಿಲ್ಲ. 1970ರ ದಶಕದಲ್ಲಿ ನಿಷೇಧ ಸಡಿಲವಾಯಿತು. ಇದನ್ನು ನಾನು ಊಟದ ಹೊತ್ತಿನಲ್ಲಿ ವಿವರಿಸಿದ್ದೇ ತಪ್ಪಾಯಿತು. “ಹಂಗಾರ ನಿಮ್ಮ ಗೊರಕಿಗೆ ಆಕಾಶವಾಣಿಯಾಗ ಅಡ್ಡಿ ಇಲ್ಲ. ಅದಕ್ಕ ಮೀಂಡ್ ಭಾಳ ಛಲೋ ಬರತೈತಿ” ಎಂದು ತೀರ್ಪು ಬಂತು. ಅವ್ವ ಕೂಡ ನಕ್ಕಳು.

ಒಂದೇ ಒಂದು ಕಾಲದಲ್ಲಿ ಮನೆಯಲ್ಲಿ ನನಗೆ ಭಾರೀ ಕಿಮ್ಮತ್ತು ಬಂದಿತ್ತು, ಅದು ಕ್ರಿಕೆಟ್ಟಿನಿಂದ. ನಮ್ಮ ಮನೆಯಾಕೆ ಮಹಿಳೆಯರ ಕಾರ್ಯಕ್ರಮ ಕೇಳುವವಳಲ್ಲ, ಕ್ರಿಕೆಟ್ ಬಿಡುವವಳಲ್ಲ. ರೊಟ್ಟಿ ಬಡಿಯುತ್ತಲೇ ಮೊಬೈಲಿನಲ್ಲಿ ಆಕಾಶವಾಣಿಯ ಆ್ಯಪ್ ಹಚ್ಚಿ, ಹಿಂದಿಯಲ್ಲೊಂದಿಷ್ಟು ಇಂಗ್ಲಿಷಿನಲ್ಲೊಂದಿಷ್ಟು ಬರುವ ವೀಕ್ಷಕ ವಿವರಣೆ ಕೇಳುತ್ತಾಳೆ. ಗೋಪುರದಿಂದ ನೇರ ಬರುವ ರೇಡಿಯೋದ ದನಿಗೂ ಇಂಟರ್ನೆಟ್ಟಿನಲ್ಲಿ ಊರೆಲ್ಲ ಸುತ್ತಿ ಬರುವ ದನಿಗೂ ಅಂತರವಿರುತ್ತದೆ. ಪಡಸಾಲೆಯಲ್ಲಿ ವಿಕೆಟ್ ಬಿದ್ದ ಎಷ್ಟೋ ಹೊತ್ತಿಗೆ ಅಡುಗೆಮನೆಯಲ್ಲಿ ಬೀಳುತ್ತದೆ. ನಾನು ಸೆಟ್ಟನ್ನು ಕಿವಿಗೆ ಒತ್ತಿಕೊಂಡು ಕೇಳಿ, ಒಳಗೆ ಹೋಗಿ ಗಡ್ಡ ನೀವಿಕೊಂಡು, “ಈಗ ಒಬ್ಬ ಹೋಗ್ತಾನ ನೋಡು” ಎನ್ನುತ್ತಿದ್ದೆ. ಹೋಗುತ್ತಿದ್ದ. ಮೊಮ್ಮಗ ಬಾಯಿ ತೆರೆದು ನೋಡಿದ. ಮರುದಿನ ಓಣಿಯ ಹುಡುಗರನ್ನೆಲ್ಲ ಕರೆತಂದ. ಅವರಲ್ಲೊಬ್ಬ ಪರೀಕ್ಷೆಯಲ್ಲಿ ಪಾಸಾಗುತ್ತೇನೋ ಇಲ್ಲವೋ ಎಂದು ಕೇಳಲು ಬಂದಿದ್ದ. ಹೆಂಡತಿ ಏನೂ ಮಾತಾಡಲಿಲ್ಲ. ಗೋಡೆ ಗಡಿಯಾರ ನಿಂತಿದೆ ಎಂದು ನೆಪ ಹೇಳಿ ನನ್ನ ಸೆಟ್ಟಿನ ಸೆಲ್ ತೆಗೆದು ಅದಕ್ಕೆ ಹಾಕಿದಳು. ಕಾಲಜ್ಞಾನ ಅಲ್ಲಿಗೆ ನಿಂತಿತು, ಕಾಲ ಮಾತ್ರ ಓಡತೊಡಗಿತು.

ಸಂಜೆ ರೈತರ ಕಾರ್ಯಕ್ರಮ. ಇದರ ವಾರಸುದಾರರು ಇಂಡಿಯ ನಮ್ಮ ಮಾಮಾ, ಅಕ್ಕನ ಗಂಡ. ಇಂಡಿ ಎಂದರೆ ನಿಂಬೆ. ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯನ್ನು ಬೆಂಗಳೂರಿನಲ್ಲಿಡದೆ ಅಲ್ಲೇ ಇಟ್ಟಿದ್ದಾರೆ. ಮಾಮಾನದೂ ನಿಂಬೆ ತೋಟ. ಅವರಿಗೆ ತೋಟದ ಕೆಲಸದಲ್ಲಿ ರೇಡಿಯೋ ಕೇಳಲು ಪುರಸೊತ್ತಿಲ್ಲ ಎಂಬ ಕನಿಕರದಿಂದ ನಾನು ಟಿಪ್ಪಣಿ ಬರೆದುಕೊಂಡು ಫೋನಿನಲ್ಲಿ ಓದುತ್ತೇನೆ. ಮಳೆಗಾಲ ಮುಗಿಯುವ ಹೊತ್ತು, ಒಂದು ಸಂಜೆ ಒಬ್ಬ ನಿಂಬೆ ಬೆಳೆಗಾರರ ಸಂದರ್ಶನ ಬಂತು. ಎಂಥ ಸ್ಪಷ್ಟ ಮಾತು, ಎಂಥ ತಿಳಿವಳಿಕೆ! ತಕ್ಷಣ ಫೋನ್ ಹಚ್ಚಿದೆ.

“ಮಾಮಾ, ಇವತ್ತ ಒಬ್ಬ ಪ್ರಗತಿಪರ ರೈತ ಮಾತಾಡಿದ. ಕೇಳಿ ಕಲಿಯೂವಂಗ ಇತ್ತು. ಹಸ್ತ ಬಹಾರ ಹಿಡೀಬೇಕಂದ್ರ ಈಗ ಗಿಡಕ್ಕ ನೀರ ಬಂದ್ ಮಾಡಬೇಕಂತ.”

“ಹೂಂ.”

“ಎಲಿ ಬಾಡಿ ಸುರುಳಿ ಸುತ್ತೂತನಕ ತಡೀಬೇಕಂತ. ಆಮ್ಯಾಲ ಗೊಬ್ಬರ ಕೊಟ್ಟು ನೀರ ಬಿಟ್ರ ಗಿಡ ತುಂಬ ಹೂವಂತ. ಬ್ಯಾಸಗಿಗೆ ಕಾಯಿ ಬರತಾವ, ಅವಾಗ ರೇಟೂ ಸಿಗತೈತೆಂತ.”

“ಹೂಂ. ಮತ್ತೇನಂದ?”

“ಕಜ್ಜಿ ಹತ್ತಿದ ಟೊಂಗಿ ಕಡದ ಸುಡ್ರಿ ಅಂದ. ಭಾಳ ಶಾಣ್ಯಾ ಮನಶ್ಯಾ. ಮಾಮಾ, ಸಿಟ್ಟ ಆಗಬ್ಯಾಡ್ರಿ, ನೀವು ಇನ್ನೂ ಹಳೇ ಪದ್ಧತಿನ ಹಿಡಕೊಂಡ ಕುಂತೀರಿ.”

“ತಮ್ಮಾ, ಅವನ ಹೆಸರ ಕೇಳಿದ್ಯೇನು?”

“ಹೆಸರ ಹೇಳೂ ಮುಂದ ಕುಕ್ಕರ್ ಸೀಟಿ ಹೊಡೀತ್ರಿ.”

“ಅಂವಾ ನಾನಽ.”

ಆಕಾಶವಾಣಿಯವರು ತೋಟಕ್ಕೇ ಬಂದು ಧ್ವನಿಮುದ್ರಣ ಮಾಡಿಕೊಂಡು ಹೋಗಿದ್ದರಂತೆ. ಮಾಮಾ ಆ ದಿನ ಹೊಸ ಧೋತರ ಉಟ್ಟು, ಮಾತಿಗೂ ಇಸ್ತ್ರಿ ಮಾಡಿಸಿ, “ಸದರಿ ಗಿಡಗಳಿಗೆ ನೀರುಣಿಸುವುದನ್ನು ಸ್ಥಗಿತಗೊಳಿಸತಕ್ಕದ್ದು” ಎಂಬ ಧಾಟಿಯಲ್ಲಿ ಮಾತಾಡಿದ್ದಾರೆ. ಹುಟ್ಟಿದಾಗಿನಿಂದ ‘ಲೇ ತಮ್ಮಾ’ ಎಂದು ಕೇಳಿದ ದನಿಯನ್ನು ಆ ಉಡುಪಿನಲ್ಲಿ ಗುರುತು ಹಿಡಿಯುವುದು ಹೇಗೆ? ಇದನ್ನು ಅವರು ಮನಸ್ಸಿನಲ್ಲೇ ಇಟ್ಟುಕೊಳ್ಳಬಹುದಿತ್ತು. ಮರುದಿನ ಇಂಡಿಯ ನಿಂಬೆ ಹರಾಜಿಗೆ ಹೋದಲ್ಲಿ ಹೇಳಿದರು. ಈಗಲೂ ಆ ಕಡೆಯಿಂದ ಯಾರಾದರೂ ಸಿಂದಗಿಗೆ ಬಂದರೆ ನನ್ನನ್ನು ನೋಡಿಕೊಂಡು ಹೋಗುತ್ತಾರೆ.

ಇಷ್ಟಾದರೂ ನನ್ನ ಕೀರ್ತಿ ಒಂದು ತಾಲೂಕಿಗೆ ಸೀಮಿತವಾಗಿತ್ತು. ಉಳಿದ ಮೂರಕ್ಕೆ ಹಬ್ಬಿಸಿದ್ದು ಫೋನ್–ಇನ್.

ಅವತ್ತು ಕಿವಿ, ಮೂಗು, ಗಂಟಲಿನ ವೈದ್ಯರು ಬಂದಿದ್ದರು. ವಯಸ್ಸಾದಂತೆ ಕಿವಿಯ ಒಳಗಿನ ಸೂಕ್ಷ್ಮ ಕೂದಲ ಕೋಶಗಳು ಸವೆಯುತ್ತವೆ, ಸಣ್ಣಗಿನ ಎತ್ತರದ ಸ್ವರಗಳು ಮೊದಲು ಕೈಬಿಡುತ್ತವೆ, ಹೋದ ಕೋಶ ಮರಳಿ ಹುಟ್ಟುವುದಿಲ್ಲ ಎಂದು ಚೆನ್ನಾಗಿ ವಿವರಿಸುತ್ತಿದ್ದರು. ಕೇಳುತ್ತ ಕೇಳುತ್ತ ನನಗೆ ಇದು ಹೆಂಡತಿಯದೇ ಲಕ್ಷಣ ಎಂದು ಖಾತ್ರಿಯಾಯಿತು. ಪಡಸಾಲೆಯಿಂದ ಚಹಾ ಎಂದು ಕೂಗಿದರೆ ಅವಳಿಗೆ ಕೇಳುವುದೇ ಇಲ್ಲ. ನಂಬರ್ ಒತ್ತಿದೆ. ನನ್ನ ಪುಣ್ಯಕ್ಕೆ ಲೈನ್ ಸಿಕ್ಕಿತು.

“ನಮಸ್ಕಾರ, ಎಲ್ಲಿಂದ ಮಾತಾಡ್ತಾ ಇದ್ದೀರಿ?”

“ಸಿಂದಗಿಯಿಂದರಿ. ನಮ್ಮ ಮನಿಯವ್ರಿಗೆ ಕಿವಿ ಮಂದ ಆಗ್ಯಾವ್ರಿ...”

ಕೂಂಯ್ ಎಂದು ಒಂದು ಸಪ್ಪಳ ಎದ್ದಿತು. ಫೋನಿನಲ್ಲಿ ಆಡಿದ ಮಾತು ಸ್ಟುಡಿಯೋಕ್ಕೆ ಹೋಗಿ, ಗೋಪುರ ಹತ್ತಿ, ನನ್ನದೇ ರೇಡಿಯೋದಿಂದ ಹೊರಬಿದ್ದು, ಮತ್ತೆ ಫೋನಿನೊಳಗೆ ಹೊಕ್ಕು ಸುತ್ತು ಹೊಡೆಯತೊಡಗಿತ್ತು. ನಿರೂಪಕಿ ತಾಳ್ಮೆಯಿಂದ ಹೇಳಿದರು: “ಸರ್, ದಯವಿಟ್ಟು ನಿ‌ಮ್ಮ ರೇಡಿಯೋ ವಾಲ್ಯೂಮ್ ಸಣ್ಣ ಮಾಡಿಕೊಳ್ಳಿ.”

ನಾನು ಗುಂಡಿಗೆ ಕೈ ಹಾಕುವ ಮೊದಲೇ ಅಡುಗೆಮನೆಯಿಂದ ಕಿವಿ ಮಂದವಾದವಳ ದನಿ ಬಂತು: “ಅದನ್ನಽ ನಾ ಮದುವಿ ಆದಾಗಿಂದ ಹೇಳಾಕತ್ತೀನ್ರೀ ಬಾಯಾರ!”

ನೇರ ಪ್ರಸಾರ. ಒಂದು ಕ್ಷಣ ಸ್ಟುಡಿಯೋದಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ವೈದ್ಯರು ಗಂಟಲು ಸರಿ ಮಾಡಿಕೊಂಡು, “ಅವರ ಕಿವಿ ಭಾಳ ಛಲೋ ಅದಾವ್ರಿ. ನೀವ ಒಮ್ಮೆ ಬಂದ ತೋರಿಸಿ ಹೋಗ್ರಿ” ಎಂದರು. ನಿರೂಪಕಿ ನಗು ತಡೆಯುತ್ತ ಒಂದು ಭಾವಗೀತೆ ಹಾಕಿದರು.

ಗೀತೆ ಪಲ್ಲವಿ ದಾಟುವ ಮೊದಲೇ ಫೋನ್ ಬಡಿಯತೊಡಗಿತು. ಇಂಡಿಯಿಂದ ಮಾಮಾ: “ತಮ್ಮಾ, ಒಬ್ಬ ಶಾಣ್ಯಾ ಮನಶ್ಯಾ ರೇಡಿಯೋದಾಗ ಮಾತಾಡಿದ, ಕೇಳಿದ್ಯೇನು?” ಬಸವನ ಬಾಗೇವಾಡಿಯಿಂದ ಅಣ್ಣ, ಏನೂ ಹೇಳದೆ ಬರೀ ನಕ್ಕು ಇಟ್ಟ. ಮುದ್ದೇಬಿಹಾಳದಿಂದ ಮಾವನವರು ನನ್ನನ್ನು ಕೇಳಲೇ ಇಲ್ಲ, ಮಗಳಿಗೆ ಕೊಡಿ ಎಂದರು. ಆಕಾಶವಾಣಿಯನ್ನು ಈಗ ಯಾರು ಕೇಳುತ್ತಾರೆ ಎಂದು ಮೊಬೈಲ್ ತಿಕ್ಕುತ್ತ ಕೂತ ಹುಡುಗರು ಹೇಳುತ್ತಿರುತ್ತಾರಲ್ಲ, ಅವರಿಗೆ ನನ್ನ ಅನುಭವದ ಉತ್ತರ: ನಾಲ್ಕು ತಾಲೂಕಿನಲ್ಲಿ ಎಲ್ಲರೂ ಕೇಳುತ್ತಾರೆ, ಸರಿಯಾಗಿ ಕೇಳದವನು ನಾನೊಬ್ಬನೇ.

ಕಿವಿ ತೋರಿಸಿಕೊಂಡು ಬಂದಿದ್ದೇನೆ. ಎಡದ್ದಕ್ಕೆ ಯಂತ್ರ ಬೇಕಂತೆ. ಓದುಗರಲ್ಲಿ ಯಾರಿಗಾದರೂ ಫೋನ್–ಇನ್‌ಗೆ ಕರೆ ಮಾಡುವ ಮನಸ್ಸಿದ್ದರೆ ಮೊದಲು ರೇಡಿಯೋ ಬಂದ್ ಮಾಡಿ, ಆಮೇಲೆ ಅಡುಗೆಮನೆಯ ಬಾಗಿಲು ಹಾಕಿ, ಕೊನೆಗೆ ನಂಬರ್ ಒತ್ತಿ.